ತವರಿನ ಬುತ್ತಿಗೆ ಎರಡು ಸೀಟಿನ ಕಾರು

ಮೊನ್ನೆ ಮಜ್ಜಿಗೆ ಕಡೆಯಲೆಂದು ಡ್ರಾಯರಿನಲ್ಲಿ ಕಡಗೋಲು ಹುಡುಕುತ್ತಿದ್ದೆ. ಕಡಗೋಲು ಸಿಗಲಿಲ್ಲ, ಕಾರಿನ ಗಾಜಿನ ಮೇಲಿನ ಐಸ್ ಕೆರೆಯುವ ನೀಲಿ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿತು. ಹೊರಗೆ ಜೂನ್ ತಿಂಗಳ ಬಿಸಿಲು ಹೇಗಿತ್ತೆಂದರೆ, ಡ್ರೈವ್‌ವೇ ಮೇಲೆ ರೊಟ್ಟಿ ಬಡಿದು ಹಾಕಿದರೆ ಒಂದು ಮಗ್ಗುಲು ಬೆಂದೇ ಬಿಡುತ್ತಿತ್ತು. ಅಂಥ ಊರಿನಲ್ಲಿ ಐಸ್ ಕೆರೆಯುವ ಪಟ್ಟಿಗೆ ಏನು ಕೆಲಸ ಎಂದು ನೀವು ಕೇಳಬಹುದು. ನನ್ನ ಮನೆಯಲ್ಲಿ ಅದಕ್ಕೆ ಬೇಕಾದಷ್ಟು ಕೆಲಸವಿದೆ. ಹೋಳಿಗೆ ಮಾಡಿದ ದಿನ ಕಟ್ಟೆಗೆ ಅಂಟಿದ ಕಣಕವನ್ನು ಅದರಷ್ಟು ಚೊಕ್ಕವಾಗಿ ಯಾವ ಚಾಕುವೂ ಎತ್ತುವುದಿಲ್ಲ.

ಅದನ್ನು ಕೊಂಡಿದ್ದು ಮಾತ್ರ ಹೋಳಿಗೆಗಲ್ಲ, ನನ್ನ ಸ್ಪೋರ್ಟ್ಸ್ ಕಾರಿಗೆ. ಹೌದು, ನನ್ನದೇ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಡಲ್ಲಾಸ್ ಮಗ್ಗುಲಿನ ಕ್ಯಾರಲ್ಟನ್ನಿನ ಅರ್ಧ ಹೆಂಗಸರು ಆಗಲೇ ನಕ್ಕು ಸುಸ್ತಾಗಿದ್ದಾರೆ.

ಈ ಹುಚ್ಚಿಗೆ ಮೂಲ ಬಾಗಲಕೋಟೆಯಲ್ಲಿದೆ. ನಾನು ಹುಟ್ಟಿದಾಗಿನಿಂದ ಹಿಂದಿನ ಸೀಟಿನವಳು. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಮಡಚಿದ ಟವೆಲ್ ಹಾಸಿ ನನ್ನನ್ನು ಕೂರಿಸುತ್ತಿದ್ದರು. "ಕಾಲ ಅಗಲ ಇಟ್ಕೋ, ಚಕ್ರದಾಗ ಸಿಕ್ಕೀತು" ಎನ್ನುವುದು ಅಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದ ಒಂದೇ ಮಾತು. ಹಾಗೆ ಕೂತವರಿಗೆ ಜಗತ್ತೆಂದರೆ ಅಪ್ಪನ ಬೆವರಿದ ಅಂಗಿಯ ಬೆನ್ನು, ಅಷ್ಟೇ. ಒಂದು ದಿನ ಅಣ್ಣನ ಸೈಕಲ್ ಕದ್ದು, ಸೀಟು ಎಟುಕದೆ ನಡುವಿನ ಕಬ್ಬಿಣದ ಸಂದಿಯಲ್ಲಿ ಕಾಲು ತೂರಿಸಿ ತುಳಿದೆ. ಎರಡು ಓಣಿ ಚೆನ್ನಾಗಿಯೇ ದಾಟಿದೆ. ಮೂರನೆಯದರಲ್ಲಿ ಯಾರೋ ಅಂಗಳದ ತುಂಬ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದರು. ಬ್ರೇಕು ಎಲ್ಲಿದೆಯೆಂದು ಕಲಿಯುವುದು ಮರುದಿನಕ್ಕೆಂದು ಉಳಿದಿತ್ತು. ಮೆಣಸಿನಕಾಯಿಯ ರಾಶಿಯೊಳಗಿಂದ ನನ್ನನ್ನು ಎತ್ತಿದವರು, ಎತ್ತಲು ಬಂದವರು, ನೋಡಲು ಬಂದವರು ಎಲ್ಲರೂ ಸೀನಿದರು. ಅಂದಿನಿಂದ ಅಣ್ಣ ಸೈಕಲ್ಲಿಗೆ ಬೀಗ ಹಾಕತೊಡಗಿದ.

ಮದುವೆಯಾದ ಮೇಲೆ ಹುಬ್ಬಳ್ಳಿಯಲ್ಲಿ ಸ್ಕೂಟರಿನ ಹಿಂದಿನ ಸೀಟು, ಅದೂ ಒಂದೇ ಮಗ್ಗುಲಿಗೆ ಕಾಲು ಹಾಕಿಕೊಂಡು. ಟೆಕ್ಸಾಸಿಗೆ ಬಂದ ಮೇಲೆ ಬಡ್ತಿ ಸಿಕ್ಕಿ ಮುಂದಿನ ಸೀಟಿಗೆ ಬಂದೆ, ಆದರೆ ಸ್ಟೇರಿಂಗ್ ಇಲ್ಲದ ಮಗ್ಗುಲಿಗೆ. ಡ್ರೈವಿಂಗ್ ಕಲಿತದ್ದೂ ಮಗನನ್ನು ಈಜಿಗೆ, ಚೆಸ್ಸಿಗೆ, ಭಾನುವಾರದ ಕನ್ನಡ ಕ್ಲಾಸಿಗೆ ಸಾಗಿಸಲು. ಆ ದೊಡ್ಡ ಗಾಡಿಯಲ್ಲಿ ನಾನು ಸ್ಟೇರಿಂಗ್ ಹಿಡಿದಿದ್ದರೂ ಹಿಂದಿನ ಸೀಟಿನವರ ಆಳೇ ಆಗಿದ್ದೆ.

ಕ್ಯಾರಲ್ಟನ್ನಿನಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಡಲ್ಲಾಸಿನ ಸುತ್ತಮುತ್ತ ಯಾರ ಮಗಳ ಮದುವೆಯಾದರೂ ನನ್ನ ಅಳತೆ ಟೇಪು ತಪ್ಪಿಸಿಕೊಂಡು ಆಗುವಂತಿಲ್ಲ. ಅಂಗಡಿಯ ಪಕ್ಕದಲ್ಲೇ ಹಳೆ ಕಾರು ಮಾರುವವನೊಬ್ಬ ಇದ್ದ. ಅಲ್ಲಿ ಒಂದು ಬೇಸಿಗೆಯಲ್ಲಿ ಆ ಕಾರು ಬಂದು ನಿಂತಿತು. ಕುಂಕುಮದ ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂಥ ಮೈಕಟ್ಟು, ಬೇಕಾದಾಗ ಮಡಚುವ ತಲೆಮೇಲಿನ ಮಾಡು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಕದ್ದದ್ದು ಅದರ ಒಂದು ದೊಡ್ಡ ಗುಣ. ಅದಕ್ಕೆ ಹಿಂದಿನ ಸೀಟೇ ಇರಲಿಲ್ಲ.

ನಮ್ಮವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮಾರುವವನು ಎಲ್ಲ ಪ್ರಶ್ನೆಗಳನ್ನೂ ಅವರಿಗೇ ಕೇಳಿದ. ಎಂಥ ಬಣ್ಣ ಇಷ್ಟ ಸರ್, ಎಷ್ಟು ಜೋರು ಓಡಿಸುತ್ತೀರಿ ಸರ್. ನಮ್ಮವರು ನನ್ನ ಕಡೆ ಬೆರಳು ಮಾಡಿ, ಕಾರು ಆಕೆಯದು, ನಾನು ಬರೀ ಜೊತೆಗೆ ಬಂದಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನನ್ನ ಕಿವಿಯಲ್ಲಿ ಕನ್ನಡದಲ್ಲಿ, "ಖರೇನ ತೊಗೋತಿಯೇನ? ಇದರಾಗ ಕೂಡಬೇಕಂದ್ರ ಮೊದಲ ಯೋಗಾಸನ ಕಲೀಬೇಕು" ಅಂದರು.

ಅಂಗಡಿಗೆ ಬರುವ ಹೆಂಗಸರ ವಿಚಾರಣೆ ಇನ್ನೂ ಚೆನ್ನಾಗಿತ್ತು.

"ಮಗನಿಗೇನ್ರೀ?"

"ಇಲ್ರೀ, ನನಗ."

"ಎರಡ ಸೀಟ ಅಲ್ರೀ ಇರೋದು. ಮತ್ತ ತರಕಾರಿ ಎಲ್ಲಿ ಇಡ್ತೀರಿ?"

ಬೆಂಗಳೂರಿನ ಒಬ್ಬ ಆಂಟಿಯಂತೂ ನನ್ನ ಕೈ ಹಿಡಿದು, "ಮನೇಲಿ ಎಲ್ಲಾ ಸರಿಯಾಗಿದೆ ತಾನೇ?" ಎಂದು ಮೆಲ್ಲಗೆ ಕೇಳಿದರು. ಐವತ್ತು ದಾಟಿದ ಹೆಂಗಸು ಸ್ಪೋರ್ಟ್ಸ್ ಕಾರು ಕೊಂಡರೆ ಗಂಡ ಬಿಟ್ಟಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು ಎಂಬುದು ಅವರ ಲೆಕ್ಕ. ಗಂಡ ಬಿಟ್ಟಿಲ್ಲ ಎಂದಷ್ಟೇ ಹೇಳಿದೆ, ಇನ್ನೊಂದರ ಬಗ್ಗೆ ಆಣೆ ಮಾಡುವಷ್ಟು ಧೈರ್ಯ ನನಗಿರಲಿಲ್ಲ.

ಬೇಸಿಗೆ, ಮಾಗಿಯ ಮೊದಲರ್ಧ ಸೊಗಸಾಗಿ ಕಳೆಯಿತು. ಲಿಟಲ್ ಎಲ್ಮ್‌ನಲ್ಲಿರುವ ನಮ್ಮ ಮನೆಯಿಂದ ಕೆರೆಯ ಸೇತುವೆ ದಾಟಿ ಅಂಗಡಿಗೆ ಹೋಗುವಾಗ ಮಾಡು ಮಡಚಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗುತ್ತಿದ್ದೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಕಾರು ನಿಲ್ಲದೆ ಒಂದಿಷ್ಟು ಜಾರಿತು. ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ನಮ್ಮವರು ಲ್ಯಾಪ್‌ಟಾಪ್ ತೆರೆದು ಓದಿ ತೀರ್ಪು ಕೊಟ್ಟರು. ಈ ಕಾರಿನ ಟೈರು ಬಿಸಿಲಿಗೆಂದೇ ಮಾಡಿದ್ದು, ಚಳಿಗೆ ಅದರ ರಬ್ಬರ್ ಸೆಟೆದು ಹಿಡಿತ ಬಿಡುತ್ತದೆ. ಎಂಜಿನ್ನಿನ ಜೋರೆಲ್ಲ ಹಿಂದಿನ ಚಕ್ರಕ್ಕೆ, ಆದರೆ ಹಿಂದೆ ಭಾರವೇ ಇಲ್ಲ.

"ಇದು ಬ್ಯಾಸಗಿ ಕಾರು. ಥಂಡಿ ದಿನದಾಗ ಕೌದಿ ಹೊಚ್ಚಿ ಮಲಗಸು," ಅಂದರು.

ನನಗೆ ಯಾರಾದರೂ ಬೇಡ ಎಂದರೆ ಅದು ಬೇಕೇ ಬೇಕು. ಟೈರಿನ ಅಂಗಡಿಗೆ ಹೋಗಿ ಚಳಿಗಾಲದ ಟೈರು ಹಾಕು ಅಂದೆ. ಅಲ್ಲಿನವನು ನನ್ನ ಕಾರನ್ನೂ ಆಕಾಶವನ್ನೂ ನೋಡಿ, ಮೇಡಂ, ನೀವು ಡಲ್ಲಾಸಿನಲ್ಲಿದ್ದೀರಿ ಎಂದು ನೆನಪಿಸಿದ. ಕಡೆಗೆ ಬೇರೆ ಊರಿಂದ ತರಿಸಿ ಹಾಕಿಕೊಟ್ಟ. ಗಾಜು ಒರೆಸುವ ನೀರಿನ ಡಬ್ಬಿಗೆ ಹೆಪ್ಪುಗಟ್ಟದ ನೀರು ತುಂಬಿಸಿದೆ. ಈ ನೀಲಿ ಪಟ್ಟಿ ಕೊಂಡೆ. ಕೈಗವಸು, ಕಂಬಳಿ, ಟಾರ್ಚು ಎಲ್ಲ ಇಟ್ಟೆ. ಹೊರಡುವಾಗ ಟೈರಿನವನು, ಐಸ್ ಬೀಳುವ ಹಿಂದಿನ ದಿನ ಬಾಗಿಲ ರಬ್ಬರಿಗೆ ಸ್ವಲ್ಪ ಎಣ್ಣೆ ಸವರಿ, ಬಾಗಿಲು ಅಂಟಿಕೊಳ್ಳುವುದಿಲ್ಲ ಎಂದ. ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಣ್ಣೆಯ ವಿಷಯ ನನಗೆ ಇವನಿಂದ ಕಲಿಯಬೇಕೇ ಎನ್ನುವ ಜಂಬ.

ಇಷ್ಟರಲ್ಲಿ ಶ್ವೇತಾಳ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಶ್ವೇತಾ ಬಾಗಲಕೋಟೆಯ ಹುಡುಗಿ. ಇಲ್ಲಿ ಎಂ.ಎಸ್. ಓದಲು ಬಂದಾಗ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಮೊದಲ ವಾರ ಬಾಗಿಲು ಹಾಕಿಕೊಂಡು ಅತ್ತಳು, ಎರಡನೆಯ ವಾರ ನನ್ನ ಜೊತೆ ರೊಟ್ಟಿ ಬಡಿದಳು, ಆಮೇಲೆ ಫ್ರಿಜ್ಜಿನಲ್ಲಿ ಏನಿದೆಯೆಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಮದುವೆಯಾಗಿ, ನಮ್ಮಲ್ಲಿಂದ ಮೂರು ತಾಸಿನ ದಾರಿಯ, ಆಸ್ಟಿನ್ ಮಗ್ಗುಲಿನ ಜಾರ್ಜ್‌ಟೌನಿನಲ್ಲಿದ್ದಳು, ಏಳು ತಿಂಗಳ ಬಸುರಿ. ನಮ್ಮ ಕಡೆ ಬಸುರಿಯ ಕುಬಸಕ್ಕೆ ತವರಿನವರೇ ಹಸಿರು ಸೀರೆ, ಕುಬಸ, ಬಳೆ ತರಬೇಕು, ತವರಿನ ಬುತ್ತಿ ಬಿಚ್ಚಿ ಉಣಿಸಬೇಕು. ಅವಳ ತಾಯಿ ನೀಲವ್ವ ಟಿಕೆಟ್ ಮಾಡಿಸಿಕೊಂಡು ಕೂತವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು.

ಆಸ್ಪತ್ರೆಯಿಂದಲೇ ಫೋನ್ ಮಾಡಿದರು. "ಅಕ್ಕಾರ, ಬೀಗರು ಬೆಳಗಾವಿಯಿಂದ ಬಂದಾರ. ನನ್ನ ಮಗಳ ಕುಬಸಕ್ಕ ತವರಿನವರು ಯಾರೂ ಬರಲಿಲ್ಲ ಅನ್ನೂಹಂಗ ಆಗಬಾರದ್ರಿ. ನೀವು ಬುತ್ತಿ ಮುಟ್ಟಸ್ರಿ, ನಿಮಗ ಕೈ ಮುಗೀತೇನಿ."

"ನೀವು ಕೈ ಮುಗಿಯೂದು ಬ್ಯಾಡ್ರಿ, ಮೊದಲ ಸೊಂಟ ನೆಟ್ಟಗ ಮಾಡಿಕೊಳ್ರಿ. ನಾ ಹೋಗ್ತೇನಿ," ಅಂದೆ. ನನಗಿರುವುದು ಒಬ್ಬನೇ ಮಗ. ಯಾರಿಗಾದರೂ ತವರುಮನೆಯಾಗುವ ಯೋಗ ನನ್ನ ಹಣೆಯಲ್ಲಿಲ್ಲ ಎಂದುಕೊಂಡಿದ್ದವಳು ನಾನು.

ಹಸಿರು ಕುಬಸ ನಾನೇ ಹೊಲಿದೆ. ಹೊಟ್ಟೆಯ ಲೆಕ್ಕಕ್ಕೆ ಹೊಲಿಗೆಯ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟೆ. ಕುಬಸದ ಹಿಂದಿನ ದಿನ ನಮ್ಮ ದೊಡ್ಡ ಗಾಡಿ ಹ್ಯೂಸ್ಟನ್ನಿನಲ್ಲಿತ್ತು. ಮಗ ಸಾಮಾನು ಸಾಗಿಸಲು ಒಯ್ದವನು, ಆ ಸಂಜೆಯೇ ತರಬೇಕಿತ್ತು. ಅಷ್ಟರಲ್ಲಿ ಟಿವಿಯಲ್ಲಿ ಐಸ್ ಬೀಳುವ ಸುದ್ದಿ. ಐಸ್ ಎಂದರೆ ಡಲ್ಲಾಸಿನವರು ಹಾಲು, ಬ್ರೆಡ್ಡಿಗೆ ಮುಗಿಬೀಳುತ್ತಾರೆ. ನಮ್ಮ ದೇಶದವರು ಕೊತ್ತಂಬರಿ, ಮೊಸರಿಗೆ ಮುಗಿಬೀಳುತ್ತಾರೆ. ಮಗ ಫೋನ್ ಮಾಡಿ, "Amma, the roads up there are closing. I'm not driving tonight," ಅಂದ. ಕನ್ನಡದಲ್ಲಿ ಬೈದೆ, ಇಂಗ್ಲಿಷಿನಲ್ಲಿ ಕೇಳಿಸಿಕೊಂಡ. ಅವನು ಹೇಳಿದ್ದು ಸರಿಯೇ ಇತ್ತು. ಆದರೆ ಈಗ ಉಳಿದದ್ದು ನನ್ನ ಎರಡು ಸೀಟಿನ ಕಾರು ಮಾತ್ರ.

ಅಂದು ಸಂಜೆ ಟೈರಿನವನ ಮಾತು ನೆನಪಾಗಿ, ಬಚ್ಚಲ ಮನೆಯ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಬಾಗಿಲ ರಬ್ಬರಿಗೆಲ್ಲ ಸವರಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ರಬ್ಬರಿಗೆ ಐಸ್ ಅಂಟುವುದಿಲ್ಲವೆಂದರೆ ಗಾಜಿಗೂ ಅಂಟಬಾರದಲ್ಲ ಎಂದು ಮುಂದಿನ ಗಾಜಿಗೂ ಅಂಗೈಯಿಂದ ಚೆನ್ನಾಗಿ ತಿಕ್ಕಿದೆ. ಕೂಸಿಗೆ ಎಣ್ಣೆ ಹಚ್ಚಿದಷ್ಟು ಅಕ್ಕರೆಯಿಂದ ಹಚ್ಚಿದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಶಾಲೆಗೆ ಹೋಗದ ಮಗುವಿಗೂ ಗೊತ್ತು. ತಲೆಗೆ ಹಚ್ಚಿಕೊಳ್ಳುವ ಮುಂಚೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಂಡೇ ದೊಡ್ಡವಳಾದವಳು ನಾನು. ಅಂದೂ ಕರಗಿಸಿಕೊಂಡೇ ತಂದಿದ್ದೆ. ಆದರೂ ಹೊಳೆಯಲಿಲ್ಲ ನೋಡಿ.

ಬೆಳಗಿನ ಜಾವ ಗ್ಯಾರೇಜಿನ ದೀಪ ಹಾಕಿದರೆ ಕಾರಿನ ಗಾಜು ಬೆಳ್ಳಗೆ ಸುಣ್ಣ ಬಳಿದಂತಾಗಿತ್ತು. ವೈಪರ್ ಹಾಕಿದೆ. ಸುಣ್ಣ ಹೋಗಿ ಮಜ್ಜಿಗೆಯಾಯಿತು, ಗಾಜಿನ ತುಂಬ ಹರಡಿತು. ನಮ್ಮವರು ಚಹಾದ ಕಪ್ಪು ಹಿಡಿದು ಬಂದು, ಬೆರಳಿನಿಂದ ಮುಟ್ಟಿ, ಮೂಸಿ ನೋಡಿದರು.

"ಹೊರಗ ಐಸ ಬಿದ್ದೈತಿ ಅಂದ್ರ ತಿಳೀತೈತಿ. ಒಳಗ ಹೆಂಗ ಬಿತ್ತು?"

"ಕೊಬ್ಬರಿ ಎಣ್ಣಿರೀ."

ಅವರು ನಗಲಿಲ್ಲ. ಕಪ್ಪು ಕೆಳಗಿಟ್ಟು, "ನೋಡು, ಇದು ದೇವರ ಹೇಳಿದ್ದಂತ ತಿಳಕೋ. ಹೋಗಬ್ಯಾಡ. ಬುತ್ತಿ ನಾಳೆ ಮುಟ್ಟಿದ್ರ ಏನಾತು?" ಎಂದರು. ಅವರಿಗೆ ಹೆದರಿಕೆಯಾಗಿತ್ತು. ನನಗೂ ಆಗಿತ್ತು.

"ನಾಳೆ ಮುಟ್ಟಿದ್ರ ಅದು ಬರೇ ಊಟರೀ. ಇವತ್ತ ಮುಟ್ಟಿದ್ರ ತವರಿನ ಬುತ್ತಿ. ಆ ಹುಡುಗಿ ಬೀಗರ ಮುಂದ ಹೆಂಗ ಒಬ್ಬಾಕೇ ಕೂಡಬೇಕು?"

ಅವರು ಒಳಗೆ ಹೋಗಿ ಕಡಲೆಹಿಟ್ಟಿನ ಡಬ್ಬಿ ತಂದರು. "ಎಣ್ಣಿ ಹಚ್ಚಿದ ಮ್ಯಾಲ ಎರಕೋಬೇಕಲ್ಲ ಮತ್ತ," ಅಂದರು. ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಇಬ್ಬರೂ ಸೇರಿ ಕಾರಿಗೆ ಕಡಲೆಹಿಟ್ಟು ತಿಕ್ಕಿ, ಉಗುರುಬೆಚ್ಚನೆಯ ನೀರು ಹಾಕಿ, ಅವರ ಹಳೆ ಧೋತರದಿಂದ ಒರೆಸಿದೆವು. ದೀಪಾವಳಿಯ ಅಭ್ಯಂಗಕ್ಕೂ ಮಗನಿಗೆ ಇಷ್ಟು ಉಪಚಾರ ಮಾಡಿರಲಿಲ್ಲ. ಗಾಜು ಫಳಫಳ ಹೊಳೆಯಿತು.

ಇನ್ನು ಹಿಂದಿನ ಚಕ್ರಕ್ಕೆ ಭಾರ. ಇಲ್ಲಿಯ ಜನ ಮರಳಿನ ಚೀಲ ಇಡುತ್ತಾರಂತೆ. ನಮ್ಮ ಮನೆಯಲ್ಲಿ ಮರಳೆಲ್ಲಿಂದ ಬರಬೇಕು. ಜೋಳದ ಹಿಟ್ಟಿನ ಚೀಲ, ಅಕ್ಕಿಯ ಚೀಲ, ತೊಗರಿಬೇಳೆಯ ಚೀಲ ಎಲ್ಲ ಡಿಕ್ಕಿಗೆ ಹೋದವು. ನಮ್ಮವರು ಡಿಕ್ಕಿ ಮುಚ್ಚಿ, ಕೋಟು ಹಾಕಿಕೊಂಡು, "ನಡಿ, ನಾನೂ ಬರ್ತೇನಿ" ಅಂದರು.

"ಬುತ್ತಿ ಎಲ್ಲಿ ಇಡ್ಲಿರೀ?"

ಅವರು ಇರುವ ಒಂದು ಸೀಟನ್ನೂ ನೋಡಿದರು, ಬುತ್ತಿಯನ್ನೂ ನೋಡಿದರು. ಕಟಕ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕರಿಗಡುಬು, ಶೇಂಗಾ ಚಟ್ನಿ, ಐದು ಬಗೆಯ ಅನ್ನ, ಎಲ್ಲ ಸೇರಿ ಒಬ್ಬ ಗಂಡಸಿನ ಗಾತ್ರವಿತ್ತು. ಕೋಟು ಬಿಚ್ಚಿದರು. ಬುತ್ತಿಯನ್ನು ತಾವೇ ಸೀಟಿನಲ್ಲಿ ಕೂರಿಸಿದರು. ಕಾರು ಟಿಂಗ್ ಟಿಂಗ್ ಎಂದು ಹಟ ಮಾಡಿದ್ದಕ್ಕೆ ಅದಕ್ಕೆ ಬೆಲ್ಟನ್ನೂ ಬಿಗಿದರು. ನನ್ನ ಕಡೆ ಬಂದು ಕಿಟಕಿಯೊಳಗೆ ಬಗ್ಗಿ, "ಜ್ವಾಕಿಂದ ಹೋಗು. ತಡ ಆದ್ರ ತಡ ಆಗಲಿ," ಎಂದಷ್ಟೇ ಹೇಳಿದರು.

ದಾರಿಯ ಕಥೆ ಹೆಚ್ಚೇನಿಲ್ಲ. ಅಷ್ಟು ಹೊತ್ತಿಗೆ ದೊಡ್ಡ ರಸ್ತೆಗೆ ಮರಳು ಚೆಲ್ಲಿದ್ದರು. ಜೋರಾಗಿ ಹೋಗಲೆಂದೇ ಹುಟ್ಟಿದ ಆ ಕಾರನ್ನು ನಾನು ಎಮ್ಮೆ ಹೊಡೆದುಕೊಂಡು ಹೋದಂತೆ ಹೊಡೆದೆ. ನನ್ನನ್ನು ಹಿಂದೆ ಹಾಕಿ ಹೋದ ದೊಡ್ಡ ಪಿಕಪ್ ಟ್ರಕ್ಕೊಂದು ಸ್ವಲ್ಪ ಮುಂದೆ ಹುಲ್ಲಿನಲ್ಲಿ ಆಕಾಶ ನೋಡುತ್ತ ನಿಂತಿತ್ತು, ಅದರವನು ಪಕ್ಕದಲ್ಲೇ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದ. ಒಂದು ಮೇಲ್ಸೇತುವೆಯ ಮೇಲೆ ಮಾತ್ರ ನನ್ನ ಕಾರಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಬ್ರೇಕ್ ಒತ್ತಬಾರದೆಂದು ಓದಿದ್ದೆ. ಕಾಲು ಎತ್ತಿ "ಯವ್ವಾ" ಅಂದೆ. ಹೊಸ ಟೈರು ತನ್ನ ಕೆಲಸ ನೆನಪಾಗಿ ನೆಲ ಹಿಡಿಯಿತೋ, ತೊಗರಿಬೇಳೆಯ ಪುಣ್ಯವೋ, ಕಾರು ತಾನಾಗಿ ನೆಟ್ಟಗಾಯಿತು. ಪಕ್ಕದಲ್ಲಿ ಬುತ್ತಿ ಅಲುಗದೆ ಕೂತಿತ್ತು. ಅದರ ಜೊತೆ ಮಾತಾಡುತ್ತ ಹೋದೆ. ನಡುದಾರಿಯ ವೇಕೋ ಊರು ದಾಟಿದ ಮೇಲೆ ಬಿಸಿಲು ಬಿತ್ತು, ರಸ್ತೆ ಒಣಗಿತ್ತು.

ಜಾರ್ಜ್‌ಟೌನ್ ಮುಟ್ಟಿದಾಗ ಮುಹೂರ್ತ ಮೀರಿತ್ತು. ಅರ್ಧ ಕಟ್ಟಿದ ಮನೆಗಳ ನಡುವಿನ ಹೊಸ ಬಡಾವಣೆಯಲ್ಲಿ ಅವರ ಮನೆಯೊಂದಕ್ಕೇ ತೋರಣವಿತ್ತು. ಬಾಗಿಲಲ್ಲೇ ಬೀಗಿತ್ತಿ ನಿಂತಿದ್ದರು. ತಡವಾದದ್ದಕ್ಕೆ ಬೈಸಿಕೊಳ್ಳಲು ಸಿದ್ಧಳಾಗಿಯೇ ಇಳಿದೆ.

"ಬರ್ರಿ ಬರ್ರಿ. ನಿಮ್ಮ ಮಗಳು ಹಟ ಹಿಡದ ಕೂತಾಳ. ತವರಿನವರು ಬರೂತನಕ ಆರತಿ ಬ್ಯಾಡ ಅಂದ್ಲು. ಮುಂದ ಒಂದು ಒಳ್ಳೆ ಗಳಿಗಿ ಐತೆಂತ ನಾವೂ ಕಾಯ್ದಿವಿ," ಅಂದರು. ನಿಮ್ಮ ಮಗಳು ಅಂದರು. ನನಗೆ ಅಲ್ಲೇ ಕಣ್ಣು ತುಂಬಿತು. ಚಳಿಗೆ ನೀರು ಬರುತ್ತಿದೆ ಎಂದು ಸುಳ್ಳು ಹೇಳಿದೆ.

ಶ್ವೇತಾ ಹಸಿರು ಸೀರೆ ಉಟ್ಟಳು, ಹಸಿರು ಬಳೆ ತೊಟ್ಟಳು. ಅಷ್ಟು ಬಟ್ಟೆ ಬಿಟ್ಟಿದ್ದರೂ ಕುಬಸ ಬಿಗಿಯಾಗಿಯೇ ಇತ್ತು, ಹೊಲಿಗೆ ಬಿಚ್ಚಿ ಹಿಗ್ಗಿಸಿದೆ. ಬಾಗಲಕೋಟೆಯಲ್ಲಿ ರಾತ್ರಿಯಾಗಿದ್ದರೂ ನೀಲವ್ವ ಮಂಚದ ಮೇಲಿಂದಲೇ ಫೋನಿನಲ್ಲಿ ಎಲ್ಲ ನೋಡಿದರು. ಒಂದೊಂದು ಡಬ್ಬಿ ಬಿಚ್ಚಿದಾಗಲೂ "ಅದೇನ್ರಿ? ಎಣ್ಣಿಗಾಯಿ ಕೊಡ್ರಿ ಮೊದಲ, ಅಕಿಗೆ ಅದ ಸೇರತೈತಿ" ಎಂದು ಅಲ್ಲಿಂದಲೇ ಬಡಿಸಿದರು. ಬೀಗರು ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಬೆಳಗಾವಿಯಲ್ಲೂ ಇಂಥದು ಉಂಡಿಲ್ಲ ಎಂದರು. ಅದು ಸುಳ್ಳು, ಆದರೆ ಬೀಗರು ಹೇಳಬೇಕಾದ ಸುಳ್ಳು.

ಊಟ ಮುಗಿಸಿ ನಾನು ಹೊರಡಲು ಎದ್ದಾಗ ಶ್ವೇತಾಳೂ ಎದ್ದಳು. "ಕುಬಸ ಆದ ಮ್ಯಾಲ ಬಸುರಿನ್ನ ತವರಿಗೆ ಕರಕೊಂಡ ಹೋಗತಾರಲ್ರೀ ಆಂಟಿ," ಅಂದಳು. "ನನ್ನೂ ಕರಕೊಂಡ ಹೋಗ್ರಿ. ಓಣಿ ತುದಿತನಕರೆ."

ಬೀಗಿತ್ತಿಯ ಮುಖ ನೋಡಿದೆ. ಅವರು ಹೂಂ ಎಂದು ತಲೆಯಾಡಿಸಿದರು. ಅವಳನ್ನು ಆ ತಗ್ಗು ಸೀಟಿನಲ್ಲಿ ಕೂರಿಸಲು ಗಂಡ ಒಂದು ಕೈ, ಬೀಗಿತ್ತಿ ಇನ್ನೊಂದು ಕೈ ಹಿಡಿದರು. ಬೆಲ್ಟನ್ನು ಹೊಟ್ಟೆಯ ಕೆಳಗೆ ಬರುವ ಹಾಗೆ ನಾನೇ ಕಟ್ಟಿದೆ. ಅವಳ ಕೈಯಲ್ಲಿ ಫೋನು, ಫೋನಿನಲ್ಲಿ ನೀಲವ್ವ.

"ಸಾವಕಾಶ ಹೊಡೀರಿ ಅಕ್ಕಾರ. ಅಕಿ ಎರಡು ಜೀವದಾಕಿ."

ನಾನು ಸಾವಕಾಶವಾಗಿಯೇ ಹೊಡೆದೆ. ಗೋಡೆ ಏಳದ ಮನೆಗಳು, ಮರದ ಚೌಕಟ್ಟುಗಳು, ಹೊಸದಾಗಿ ನೆಟ್ಟ ಎಳೆ ಓಕ್ ಮರಗಳು ಒಂದೊಂದಾಗಿ ಹಿಂದೆ ಸರಿದವು. ಅವಳು ಫೋನನ್ನು ಗಾಜಿನ ಕಡೆ ತಿರುಗಿಸಿ ತಾಯಿಗೆ ಎಲ್ಲ ತೋರಿಸುತ್ತಿದ್ದಳು. ಆಮೇಲೆ ತೋರಿಸುವುದನ್ನು ಬಿಟ್ಟು ಫೋನು ಮಡಿಲಲ್ಲಿಟ್ಟುಕೊಂಡಳು. ಓಣಿ ಸುತ್ತಿ ಬಂದು ಮನೆಯ ಮುಂದೆ ಕಾರು ನಿಲ್ಲಿಸಿದೆ. ಅವಳು ಇಳಿಯಲಿಲ್ಲ.

"ಅವ್ವಾ," ಅಂದಳು, ಮುಂದಿನ ರಸ್ತೆ ನೋಡುತ್ತ, "ಇನ್ನೊಂದ ಸುತ್ತ ಹೋಗೂಣು."

ಮಡಿಲಿನಿಂದ ನೀಲವ್ವ, ಸ್ಟೇರಿಂಗ್ ಹಿಡಿದ ನಾನು, ಇಬ್ಬರೂ ಒಟ್ಟಿಗೇ "ಹೂಂನವ್ವಾ" ಅಂದೆವು.